ಪುಚ್ಚೆ ಕೂರದ ಕುರ್ಚಿ

ನಮ್ಮ ಮನೆಯ ಬೆಕ್ಕಿಗೆ ಹಿಂದಿ ಬರುವುದಿಲ್ಲ. ಹುಟ್ಟಿದ್ದು ದೆಹಲಿಯ ಪೀತಮ್‌ಪುರದಲ್ಲೇ, ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ. ಆದರೂ ಮೇಲಿನ ಮನೆಯ ಪಂಜಾಬಿ ಆಂಟಿ "ಆ ಜಾ ಬಿಲ್ಲೀ, ಆ ಜಾ" ಎಂದು ಎಷ್ಟು ಮುದ್ದು ಮಾಡಿ ಕರೆದರೂ ಕಿವಿ ಕೂಡ ಅಲ್ಲಾಡಿಸುವುದಿಲ್ಲ. ಅದಕ್ಕೆ ತಿಳಿಯುವುದು ನನ್ನ ಅತ್ತೆಯ ಮಾತು ಮಾತ್ರ. ಅತ್ತೆ ಎಂದರೆ ನನ್ನ ಗಂಡನ ತಾಯಿ, ಉಡುಪಿ ಕಡೆಯವರು, ದೆಹಲಿಗೆ ಬಂದು ಎಷ್ಟೋ ಕಾಲವಾದರೂ ಹಿಂದಿಯನ್ನು ಮನೆಯ ಹೊಸ್ತಿಲು ದಾಟಿಸಿಕೊಂಡವರಲ್ಲ. ಹಗಲಿಡೀ ಅವರಿಬ್ಬರದ್ದೇ ಪಟ್ಟಾಂಗ.

ಬೆಕ್ಕಿಗೆ ತುಳುವಿನಲ್ಲಿ ಪುಚ್ಚೆ ಎನ್ನುತ್ತಾರೆ. ಬೇರೆ ಹೆಸರು ಇಡುವ ಗೋಜಿಗೆ ನಾವು ಹೋಗಲಿಲ್ಲ. ಅತ್ತೆ ಬಾಲ್ಕನಿಯಲ್ಲಿ ನಿಂತು "ಪುಚ್ಚೇ, ಪುಚ್ಚೇ" ಎಂದು ಕೂಗಿದರೆ ಕೆಳಗೆ ತರಕಾರಿ ಗಾಡಿಯ ಭಯ್ಯಾ ಗಕ್ಕನೆ ನಿಂತು ತಲೆ ಎತ್ತಿ, "ಪೂಛಿಯೇ ಮಾತಾಜೀ, ಕ್ಯಾ ಪೂಛ್ನಾ ಹೈ?" ಎನ್ನುತ್ತಾನೆ. ಕೇಳಿ ತಾಯಿ, ಏನು ಕೇಳಬೇಕಿತ್ತು ಅಂತ. ಅತ್ತೆ "ನಿನ್ನನ್ನಲ್ಲ ಮಾರಾಯ" ಎಂದು ಕೈ ಆಡಿಸುತ್ತಾರೆ. ಅವನು ಅದನ್ನೇ ಪ್ರಶ್ನೆ ಎಂದುಕೊಂಡು ಗೋಬಿಯ ರೇಟು ಹೇಳುತ್ತಾನೆ. ಇದು ನಮ್ಮ ಮನೆಯಲ್ಲಿ ಹೆಚ್ಚುಕಡಿಮೆ ದಿನಾ ನಡೆಯುವ ನಾಟಕ.

ಕುರ್ಚಿಯ ರಗಳೆ ಶುರುವಾದದ್ದು ಅತ್ತೆಯ ಮಂಡಿಯಿಂದ. ಅವರಿಗೆ ನೆಲದ ಮೇಲೆ ಚಾಪೆ ಹಾಸಿ, ಗೋಡೆಗೆ ಒರಗಿ, ಪುಚ್ಚೆಯನ್ನು ಪಕ್ಕದಲ್ಲಿ ಮಲಗಿಸಿಕೊಂಡು ಕೂತರೇ ಸಮಾಧಾನ. ಕೂರುವುದೇನೋ ಕೂರುತ್ತಾರೆ, ಏಳುವಾಗ ಪ್ರಾಣ ಬಾಯಿಗೆ ಬರುತ್ತದೆ. ನೆಲದಲ್ಲಿ ಕೂರಬೇಡಿ ಎಂದು ಡಾಕ್ಟರು ಹೇಳಿ ಹೇಳಿ ಸೋತರು. ಒಂದು ಮಧ್ಯಾಹ್ನ ನಾನು ಮಾರ್ಕೆಟಿನಿಂದ ಬಂದು ಬೀಗ ತೆಗೆದರೆ, ಅತ್ತೆ ಚಾಪೆಯ ಮೇಲೆ ಒಂದು ಕೈ ಊರಿ, ಇನ್ನೊಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು, ಏಳಲಿಕ್ಕೂ ಆಗದೆ ಕೂರಲಿಕ್ಕೂ ಆಗದೆ ಬೆವರುತ್ತಿದ್ದರು. ಎಷ್ಟು ಹೊತ್ತಿನಿಂದ ಹಾಗೆ ಇದ್ದರೋ, ಕೇಳಿದರೆ "ಈಗಷ್ಟೇ" ಎಂದರು. ನನಗೆ ಸಿಟ್ಟು ಬಂತು, ಅಳುವೂ ಬಂತು. ಆವತ್ತೇ ಗಂಡನಿಗೆ ಹೇಳಿದೆ, ಈ ಚಾಪೆಯ ಸಹವಾಸ ಸಾಕು, ಇನ್ನೊಮ್ಮೆ ಹೀಗಾದರೆ ಇವರು ಏಳುವುದೇ ಇಲ್ಲ ಎಂದು.

ಹಾಗೆ ಬಂದದ್ದು ಆ ರಿಕ್ಲೈನರ್. ಒಂದು ಗುಂಡಿ ಒತ್ತಿದರೆ ಕಾಲು ಚಾಚಲು ಹಲಗೆ ಮೇಲೆ ಬರುತ್ತದೆ. ಇನ್ನೊಂದು ಒತ್ತಿದರೆ ಇಡೀ ಕುರ್ಚಿ ಮುಂದಕ್ಕೆ ಬಾಗಿ, ಕೂತವರನ್ನು ಮೆಲ್ಲಗೆ ನಿಲ್ಲಿಸಿಬಿಡುತ್ತದೆ. ಕಂದು ಬಣ್ಣದ್ದು, ಆನೆಮರಿಯಷ್ಟು ದೊಡ್ಡದು.

ಇಲ್ಲಿ ನನ್ನ ಗಂಡನ ಬಗ್ಗೆ ಒಂದು ಮಾತು ಹೇಳಬೇಕು. ಅವರದ್ದು ಇಲ್ಲೇ ಹತ್ತಿರದಲ್ಲಿ ಸಣ್ಣ ದೋಸೆ ಹೋಟೆಲು. ಅಲ್ಲಿಗೆ ಗ್ರೈಂಡರು ಬರಲಿ, ಫ್ರಿಜ್ಜು ಬರಲಿ, ಕಾಫಿ ಮಿಷನು ಬರಲಿ, ಪೂಜೆಯಾಗದೆ ಸ್ವಿಚ್ಚು ಹಾಕುವಂತಿಲ್ಲ. ಕುರ್ಚಿಯ ಹಿಂದಿನಿಂದ ವೈರು ನೇತಾಡುವುದನ್ನು ನೋಡಿದ್ದೇ ತಡ, "ಮೋಟಾರು ಉಂಟಲ್ಲ, ಹಾಗಾದರೆ ಇದೂ ಯಂತ್ರವೇ" ಎಂದರು. ನಾನು "ಕೂರುವ ಕುರ್ಚಿಗೆ ಎಂತ ಪೂಜೆ ಮಾರಾಯ್ರೇ" ಎಂದು ಬಾಯಿ ಮುಚ್ಚುವುದರೊಳಗೆ ಅರಿಶಿನ ಕುಂಕುಮ ಹಚ್ಚಿ ಆಗಿತ್ತು. ಕರ್ಪೂರ ಬೆಳಗಿದರು. ಬಾಗಿಲಲ್ಲಿ ತೆಂಗಿನಕಾಯಿ ಒಡೆದರು, ಆ ಶಬ್ದಕ್ಕೇ ಪುಚ್ಚೆ ಹಾರಿ ಫ್ರಿಜ್ಜಿನ ಮೇಲೆ ಹೋಯಿತು. ಹೊಸ ಕಾರಿನ ಚಕ್ರಕ್ಕೆ ಇಡುತ್ತಾರಲ್ಲ, ಹಾಗೆ ಕುರ್ಚಿಯ ಒಂದೊಂದು ಕಾಲಿನ ಕೆಳಗೂ ಒಂದೊಂದು ನಿಂಬೆಹಣ್ಣು ಇಟ್ಟರು. ಕಾರಾದರೆ ಮುಂದೆ ಓಡಿಸಬಹುದು. ಕುರ್ಚಿಯನ್ನು ಎಲ್ಲಿಗೆ ಓಡಿಸುವುದು? ತಾವೇ ದೊಪ್ಪೆಂದು ಕೂತುಬಿಟ್ಟರು. ಪಚಕ್! ನಿಂಬೆರಸ ಕೆಳಗಿನ ಜಮಖಾನೆಗೆಲ್ಲ ಇಳಿಯಿತು. ಕುರ್ಚಿಯ ಅಂಚಿನ ಬಟ್ಟೆಗೂ ಇಂಗಿತು. ಅಪ್ಪಚ್ಚಿಯಾದ ಹಣ್ಣನ್ನು ಅಲ್ಲಿಂದ ತೆಗೆಯಬಾರದು, ತಾನಾಗಿಯೇ ಒಣಗಬೇಕು ಎಂದೂ ಕಟ್ಟಪ್ಪಣೆಯಾಯಿತು.

"ಅಮ್ಮ, ಬನ್ನಿ, ಕೂತ್ಕೊಳ್ಳಿ" ಎಂದರು ಗಂಡ, ಮದುಮಗಳನ್ನು ಕರೆದ ಹಾಗೆ.

ಅತ್ತೆ ದೂರದಿಂದಲೇ ಕುರ್ಚಿಯನ್ನು ನೋಡಿದರು. ಆಮೇಲೆ ಫ್ರಿಜ್ಜಿನ ಮೇಲಿದ್ದ ಪುಚ್ಚೆಯನ್ನು ನೋಡಿದರು. "ಅದು ಕೂರಲಿ. ಅದು ಕೂತ ಮೇಲೆ ನಾನು ಕೂರುತ್ತೇನೆ" ಎಂದು ಹೇಳಿ ಚಾಪೆ ಬಿಡಿಸಿದರು.

ತಮಾಷೆಗೆ ಹೇಳಿದ್ದಾರೆ ಎಂದುಕೊಂಡೆವು. ತಮಾಷೆ ಅಲ್ಲ. ಪುಚ್ಚೆ ಇಳಿದು ಬಂದು, ಕುರ್ಚಿಯ ಹತ್ತಿರ ಮೂಗು ಚಾಚಿ, ಒಂದು ಸಲ ಮೂಸಿ, ಯಾರೋ ಕಪಾಳಕ್ಕೆ ಬಾರಿಸಿದ ಹಾಗೆ ಹಿಂದಕ್ಕೆ ನೆಗೆಯಿತು. ಅತ್ತೆಗೆ ಅಷ್ಟೇ ಸಾಕಾಯಿತು. "ನೋಡಿದೆಯಾ? ಮೂಕ ಪ್ರಾಣಿಗೆ ಗೊತ್ತಾಗುತ್ತದೆ. ಅದರಲ್ಲಿ ಎಂತದೋ ಉಂಟು." ನಾನು ಅವರ ಕೈಕಾಲು ಹಿಡಿದೆ, ಜೋರು ಮಾಡಿದೆ, ಡಾಕ್ಟರ ಹೆಸರು ಹೇಳಿ ಹೆದರಿಸಿದೆ. ಊಹೂಂ. ನೆಲದಲ್ಲೇ ಕೂತರು, ನೆಲದಿಂದಲೇ ಎದ್ದರು, ಏಳುವಾಗಲೆಲ್ಲ "ಅಯ್ಯೋ ರಾಮ" ಎಂದರು. ಆ "ಅಯ್ಯೋ ರಾಮ" ಅಡುಗೆಮನೆಯಲ್ಲಿದ್ದ ನನಗೂ ಕೇಳಿಸುತ್ತಿತ್ತು.

ಹಾಗಾಗಿ ಪುಚ್ಚೆಯನ್ನು ಕುರ್ಚಿಗೆ ಒಗ್ಗಿಸುವುದೇ ನಮ್ಮ ಮನೆಯವರ ಕೆಲಸವಾಯಿತು. ಅದು ಒಪ್ಪಿದರೆ ಅತ್ತೆಯ ಮಂಡಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಮಗಳು ಕಾಲೇಜಿಗೆ ಹೋಗುವವಳು, ಕನ್ನಡ ಅರ್ಥವಾಗುತ್ತದೆ, ಮಾತಾಡುವಾಗ ಅರ್ಧ ದಾರಿಯಲ್ಲಿ ಹಿಂದಿಗೆ ಹತ್ತುತ್ತಾಳೆ. ಮೊಬೈಲಿನಲ್ಲಿ ಹುಡುಕಿ ತೆಗೆದು, "ಅಮ್ಮಾ, ಉಸ್‌ಕೋ ಟೈಮ್ ಕೊಡಬೇಕು. ಹೊಸ ವಸ್ತು ಅಂದ್ರೆ ಡರ್ ಆಗ್ತದೆ. ಅದರ ಮೇಲೆ ಪುಚ್ಚೆಯ ಪುರಾನಾ ಬಟ್ಟೆ ಹಾಕು" ಎಂದಳು. ಅತ್ತೆಯ ಹಳೆಯ ನೂಲಿನ ಸೀರೆಯನ್ನು ಮಡಚಿ ಹಾಸಿದೆ. ಪುಚ್ಚೆಗೆ ಆ ಸೀರೆ ಎಂದರೆ ಜೀವ. ಬಂತು, ಮೂಸಿತು, ಸೀರೆಯ ತುದಿ ಹಲ್ಲಿನಲ್ಲಿ ಕಚ್ಚಿ ಎಳೆದು ಕೆಳಗೆ ಹಾಕಿ, ದೂರಕ್ಕೆ ಎಳೆದುಕೊಂಡು ಹೋಗಿ ಅದರ ಮೇಲೆ ಮಲಗಿತು! ಮಗಳು ಬಿದ್ದು ಬಿದ್ದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಕುರ್ಚಿ ಬಂದ ರಟ್ಟಿನ ಪೆಟ್ಟಿಗೆಯನ್ನು ಗುಜರಿಯ ಕಬಾಡಿಯವನಿಗೆ ಹಾಕುವ ಎಂದು ಮೂಲೆಯಲ್ಲಿ ಇಟ್ಟಿದ್ದೆ. ಪುಚ್ಚೆ ಅದರೊಳಗೆ ಬಿಡಾರ ಹೂಡಿತು. ಅತ್ತೆ ಚಾಪೆಯನ್ನು ಪೆಟ್ಟಿಗೆಯ ಪಕ್ಕಕ್ಕೆ ಎಳೆದುಕೊಂಡರು. ಹೋಟೆಲಿನಿಂದ ಊಟಕ್ಕೆ ಬಂದ ಗಂಡ ಇದನ್ನೆಲ್ಲ ನೋಡಿ, "ಪೆಟ್ಟಿಗೆಯೊಂದನ್ನೇ ತಂದಿದ್ದರೆ ಸಾಕಿತ್ತು" ಎಂದು ಹಣೆ ಚಚ್ಚಿಕೊಂಡರು.

ಮೇಲಿನ ಆಂಟಿಗೂ ಸುದ್ದಿ ಮುಟ್ಟಿತು. ಒಳ್ಳೆಯ ಹೆಂಗಸು, ಆದರೆ ಕರೆಯದೆ ಬರುವವರು. ಬಂದವರೇ ಕುರ್ಚಿಗೆ ಒಂದು ಸುತ್ತು ಹಾಕಿ, "ನಜರ್ ಲಗ್ ಗಯೀ ಹೈ" ಎಂದು ತೀರ್ಪು ಕೊಟ್ಟರು. ದೃಷ್ಟಿ ತಾಗಿದೆ, ಬೇರೇನಿಲ್ಲ. ಆ ಶನಿವಾರ ಅಂಗಡಿಗಳ ಬಾಗಿಲಿಗೆ ಕಟ್ಟುವಂಥ ನಿಂಬೆಹಣ್ಣು ಹಸಿಮೆಣಸಿನ ಸರ ತಂದು ಕುರ್ಚಿಯ ಕೈಗೇ ಕಟ್ಟಿದರು. ಕುರ್ಚಿಯ ಮೂರು ಮಾರು ದೂರದಲ್ಲಿ ಓಡಾಡುತ್ತಿದ್ದ ಪುಚ್ಚೆ ಆಮೇಲೆ ಆ ಕೋಣೆಗೇ ಬರುವುದನ್ನು ನಿಲ್ಲಿಸಿತು. ಪೆಟ್ಟಿಗೆ ಕೂಡ ಪಡಸಾಲೆಯಿಂದ ಅತ್ತೆಯ ಕೋಣೆಗೆ ಹೋಯಿತು. ನಾನೇನು ಕಮ್ಮಿಯಾ? ಹೊಸ ರೆಕ್ಸಿನ್ನಿನ ವಾಸನೆಗೆ ಹೆದರುತ್ತಿರಬೇಕು ಎಂದುಕೊಂಡು, ಬೆಳಿಗ್ಗೆ ಸಂಜೆ ಕುರ್ಚಿಯನ್ನೂ ನೆಲವನ್ನೂ ಫಿನಾಯಿಲ್ ಹಾಕಿ ಉಜ್ಜಿದೆ. ಘಮಘಮ ಎನ್ನಲಿ ಎಂದು ನಿಂಬೆ ಪರಿಮಳದ್ದೇ ತಂದಿದ್ದೆ.

ಗುಟ್ಟು ಬಯಲಾದದ್ದು ಒಂದು ಭಾನುವಾರ, ಬಾಲ್ಕನಿಯಲ್ಲಿ. ಕೊರೆಯುವ ಚಳಿ ಕಳೆದು ಸ್ವಲ್ಪ ಬಿಸಿಲು ಬಿದ್ದಿತ್ತು, ಇಡೀ ಕಾಲೊನಿಯೇ ಬೆನ್ನು ಕಾಯಿಸಿಕೊಳ್ಳುತ್ತಿತ್ತು. ಮಗಳ ಮಡಿಲಲ್ಲಿ ಪುಚ್ಚೆ ನಾಲ್ಕೂ ಕಾಲು ಮೇಲೆ ಮಾಡಿ ಮಲಗಿತ್ತು. ಮಗಳು ಕಿನ್ನು ಹಣ್ಣು ಎತ್ತಿಕೊಂಡು, ಅದೇ ಚಳಿಗಾಲದ ಕಿತ್ತಳೆ, ಸಿಪ್ಪೆಗೆ ಉಗುರು ಹಾಕಿದಳು. ಸಿಪ್ಪೆಯ ರಸ ಚುಯ್ ಎಂದು ಹಾರಿದ್ದೇ, ಪುಚ್ಚೆ ಒಂದು ಸೀನು ಸೀನಿ, ಮುಖ ಹಿಂಡಿ, ಅವಳ ಕೈ ಪರಚಿ, ಒಂದೇ ನೆಗೆತಕ್ಕೆ ಒಳಗೆ ಓಡಿತು. ಥೇಟ್ ಕುರ್ಚಿಯ ಹತ್ತಿರ ಮಾಡಿದ ಹಾಗೆಯೇ!

"ಅಯ್ಯೋ, ನಿಂಬೆಹಣ್ಣು!" ಎಂದು ನಾನು ಕಿರುಚಿದ್ದಕ್ಕೆ ಪಕ್ಕದ ಬಾಲ್ಕನಿಯವರು ಎದ್ದು ನಿಂತರು. ಕೆಳಗೆ ನಿಂಬೆ, ಪಕ್ಕದಲ್ಲಿ ನಿಂಬೆ, ಒರೆಸಿದ್ದೂ ನಿಂಬೆ. ಅದಕ್ಕೆ ಆಗದ್ದನ್ನೇ ಹುಡುಕಿ ಹುಡುಕಿ ಕುರ್ಚಿಗೆ ಅಭಿಷೇಕ ಮಾಡಿದ್ದೆವು. ಮಗಳು ಮೊಬೈಲು ನೋಡಿ, "ಹಾಂ ಅಮ್ಮಾ, ಬಿಲ್ಕುಲ್. ಬಿಲ್ಲಿಗೆ ನಿಂಬೂ, ಕಿತ್ತಳೆ ವಾಸನೆ ಆಗೋದೇ ಇಲ್ಲ" ಎಂದಳು. ಇದನ್ನು ಮೊದಲೇ ನೋಡಲಿಕ್ಕೆ ಎಂತ ಧಾಡಿಯಾಗಿತ್ತು ಇವಳಿಗೆ!

ಪೂಜೆಯ ನಿಂಬೆಹಣ್ಣು ತೆಗೆಯಲು ಗಂಡ ಒಪ್ಪಲಿಲ್ಲ. ಅಪಶಕುನ ಎಂದರು. ಕೊನೆಗೆ ಅತ್ತೆಯೇ ಕೋಣೆಯಿಂದ ಕೂಗಿ ಹೇಳಿದರು, "ತೆಗಿ ಮಾರಾಯ. ಹೇಳಿದರೆ ದೇವರಿಗೆ ಅರ್ಥವಾಗುತ್ತದೆ, ಪುಚ್ಚೆಗೆ ಆಗುವುದಿಲ್ಲ." ಕುರ್ಚಿ ಎತ್ತಿ, ಒಣಗಿ ಚಪ್ಪಟೆಯಾದ ಹಣ್ಣುಗಳನ್ನು ತೆಗೆದು ತುಳಸಿಯ ಕುಂಡದ ಬುಡಕ್ಕೆ ಹಾಕಿದೆವು. ಜಮಖಾನೆ ಒಗೆದೆವು. ಕುರ್ಚಿಯನ್ನು ಬರೀ ನೀರಿನಲ್ಲಿ ಒರೆಸಿ ಬಿಸಿಲು ಬೀಳುವ ಕಡೆಗೆ ತಿರುಗಿಸಿಟ್ಟೆವು. ಆಂಟಿಯ ಸರವನ್ನು ಅವರಿಗೆ ಕಾಣದ ಹಾಗೆ ವಿಲೇವಾರಿ ಮಾಡಿದ್ದು ಮಗಳು.

ವಾಸನೆ ಹೋದ ಮೇಲೆ ಪುಚ್ಚೆ ಮೆಲ್ಲಮೆಲ್ಲನೆ ಹತ್ತಿರ ಬಂತು. ಕುರ್ಚಿಯ ಕಾಲಿಗೆ ಕೆನ್ನೆ ತಿಕ್ಕಿತು. ಇನ್ನು ಉಳಿದದ್ದು ಮೋಟಾರಿನ ಗುಂಯ್ ಶಬ್ದ. ಅದಕ್ಕೆ ನಾನು ಹೋಟೆಲಿನವನ ಹೆಂಡತಿಯ ಬುದ್ಧಿ ಉಪಯೋಗಿಸಿದೆ. ಗುಂಡಿ ಒತ್ತುವುದು, ಒತ್ತಿದ ಕೂಡಲೇ ಒಂದು ಚಮಚ ಕೆನೆಮೊಸರು ಕೊಡುವುದು. ಮೊದಲು ಬಾಗಿಲ ಬಳಿ ಕೊಟ್ಟೆ, ಆಮೇಲೆ ಇನ್ನಷ್ಟು ಹತ್ತಿರ, ಆಮೇಲೆ ಕುರ್ಚಿಯ ಮೇಲೆಯೇ. ಅವಸರ ಮಾಡಲಿಲ್ಲ, ಎತ್ತಿ ತಂದು ಕೂರಿಸಲಿಲ್ಲ. ಸ್ವಲ್ಪ ದಿನಕ್ಕೆ ಗುಂಯ್ ಎಂದರೆ ಸಾಕು, ಎಲ್ಲಿದ್ದರೂ ಬಾಲ ಎತ್ತಿಕೊಂಡು ಓಡಿ ಬರುವ ಹಾಗಾಯಿತು. ಒಂದು ಬೆಳಿಗ್ಗೆ ನೋಡಿದರೆ, ಮಹಾರಾಣಿ ಕುರ್ಚಿಯ ನಟ್ಟನಡುವೆ ಸುರುಳಿ ಸುತ್ತಿ ಮಲಗಿದ್ದಾಳೆ!

"ಅತ್ತೇ, ಬನ್ನಿ ಇಲ್ಲಿ. ನೋಡಿ ನಿಮ್ಮ ಪುಚ್ಚೆಯನ್ನು. ಈಗ ಎಂತ ಹೇಳುತ್ತೀರಿ?" ಎಂದು ಗೆದ್ದವಳ ಹಾಗೆ ಕರೆದೆ.

ಅತ್ತೆ ಗೋಡೆ ಹಿಡಿದುಕೊಂಡು ಬಂದರು. ನೋಡಿದರು. ಕೂರಲಿಲ್ಲ. ನಾನು ಜಗಳಕ್ಕೆ ಸೊಂಟ ಕಟ್ಟುವಷ್ಟರಲ್ಲಿ ಅವರೇ ಬಾಯಿಬಿಟ್ಟರು.

"ಪುಚ್ಚೆಯದ್ದು ನೆಪ ಮಾರಾಯ್ತಿ. ನನಗೇ ಹೆದರಿಕೆ" ಎಂದರು. "ಎಬ್ಬಿಸುವ ಕುರ್ಚಿಯಲ್ಲಿ ಒಮ್ಮೆ ಕೂತರೆ ಮತ್ತೆ ನಾನಾಗಿ ಏಳಲಿಕ್ಕಿಲ್ಲ ಅಂತ. ಇವತ್ತು ಕುರ್ಚಿ ಎಬ್ಬಿಸುತ್ತದೆ, ನಾಳೆ ನೀವು ಎಬ್ಬಿಸಬೇಕು, ಸ್ನಾನ ಮಾಡಿಸಬೇಕು, ಉಣ್ಣಿಸಬೇಕು. ಯಾರಿಗೂ ಭಾರವಾಗದೆ ಹೋಗಬೇಕು ಅಂತ ಇದ್ದೆ."

ಬೈಯಲಿಕ್ಕಾದರೆ ನನಗೆ ಮಾತು ಧಾರಾಳ ಬರುತ್ತದೆ, ಇಂಥದ್ದಕ್ಕೆ ಬರುವುದಿಲ್ಲ. "ಭಾರವಾದರೆ ಆಗಲಿ ಅತ್ತೇ. ನೀವು ಚಾಪೆಯಲ್ಲಿ ಸಿಕ್ಕಿಕೊಂಡಿದ್ದನ್ನು ನೋಡಿದೆನಲ್ಲ, ಆವತ್ತು ನನಗೆ ಆದ ಹೆದರಿಕೆ ನಿಮಗೆ ಗೊತ್ತಿಲ್ಲ" ಎಂದೆ. ಪುಚ್ಚೆಯನ್ನು ಸ್ವಲ್ಪ ಸರಿಸಿದೆ. ಅತ್ತೆ ಕುರ್ಚಿಯ ಕೈ ಹಿಡಿದು, ತಣ್ಣೀರಿಗೆ ಇಳಿಯುವವರ ಹಾಗೆ ಉಸಿರು ಬಿಗಿಹಿಡಿದು, ಕೂತರು. ನಾನು ಗುಂಡಿ ಒತ್ತಿದೆ. ಹಲಗೆ ಮೇಲೆ ಬಂದು ಅವರ ಕಾಲುಗಳನ್ನು ಎತ್ತಿಕೊಂಡಿತು. ಗುಂಯ್ ಕೇಳಿದ ಪುಚ್ಚೆ ಕಣ್ಣು ಬಿಟ್ಟು, ಮೊಸರು ಬರಲಿಲ್ಲ ಎಂದು ಗೊಣಗಿ, ಅವರ ಮಡಿಲಿಗೆ ಹತ್ತಿ ಮತ್ತೆ ಮಲಗಿತು. ಅತ್ತೆಯ ಹಣೆಯ ಗಂಟು ಸಡಿಲಾದದ್ದು ಕಣ್ಣಿಗೆ ಕಾಣುವ ಹಾಗಿತ್ತು.

ನಾನು ಅಡುಗೆಮನೆಗೆ ಹೊರಟಾಗ ಹಿಂದಿನಿಂದ ಮೆಲ್ಲಗೆ ಕರೆದರು. "ಕೇಳಿತಾ? ಇದು ಮಲಗಿದೆ, ಏಳಲಿಕ್ಕಾಗುವುದಿಲ್ಲ. ನನಗೊಂದು ಲೋಟ ಕಾಫಿ ಮಾಡಿ ಕೊಡುತ್ತೀಯಾ?"

ಮದುವೆಯಾಗಿ ಬಂದಾಗಿನಿಂದ ಆ ಹೆಂಗಸು ನನ್ನ ಹತ್ತಿರ ಒಂದು ಲೋಟ ನೀರು ಕೇಳಿದವರಲ್ಲ. ಜ್ವರ ಬಂದರೂ ತಾವೇ ಎದ್ದು ಹೋಗಿ ಕುಡಿಯುವವರು. ನಾನು ಒಲೆಯ ಮುಂದೆ ನಿಂತು ಕಣ್ಣು ಮೂಗು ಒರೆಸಿಕೊಳ್ಳುವ ಗಡಿಬಿಡಿಯಲ್ಲಿ ಎಂತ ಹಾಕಿದೆನೋ ಎಂತ ಬಿಟ್ಟೆನೋ. ಲೋಟ ಕೈಗೆ ಕೊಟ್ಟೆ. ಅತ್ತೆ ಒಂದು ಗುಟುಕು ಕುಡಿದು ಮುಖ ಕಿವುಚಿದರು.

"ಸಕ್ಕರೆಯೇ ಹಾಕಲಿಲ್ಲ ನೀನು. ಹೋಗು, ಸರಿಯಾಗಿ ಮಾಡಿಕೊಂಡು ಬಾ" ಎಂದರು, ಕಾಲು ಚಾಚಿ ಕೂತಲ್ಲಿಂದಲೇ. ನಾನು ಓಡಿದೆ.