ಗೂಟದಲ್ಲಿ ಇಲ್ಲದ ಬೆಣೆ

ನಾನು ಚಿಕ್ಕವಳಿದ್ದಾಗ, ಹುಣಸೆ ಬಡಿಯುವ ಕಾಲದ ಒಂದು ಗುರುವಾರ, ಬೆಳಿಗ್ಗೆ ಸರಿಯಾಗಿ ಎಂಟು ಗಂಟೆ. ರೈಲು ಹಳಿಯ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದವರು ಅಪ್ಪ, ಅಕ್ಕ, ನಾನು, ಸಿರಾದ ಚಾಚಾ ಮತ್ತು ಅವರ ಜೊತೆಯ ಮೂವರು ಹಮಾಲಿಗಳು. ಅಪ್ಪ ಗೋಡೆಯ ಗೂಟಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು. ಹಾರೆ ನಾಲ್ಕು, ಕೆಂಪು ಬಾವುಟ ಒಂದು, ಬೆಣೆ ಎರಡು.

"ದಿನಾ ಎಣಿಸ್ತೀರಲ್ಲ ಮೇಸ್ತ್ರಿ, ಬೆಣೆ ಏನು ಮರಿ ಹಾಕ್ತವಾ?" ಎಂದರು ಚಾಚಾ.

"ಮರಿ ಹಾಕಿದ್ರೆ ಇರ್ಲಿ ಬುಡು ಚಾಚಾ. ಓಡೋದ್ರೆ ಕಷ್ಟ" ಎಂದರು ಅಪ್ಪ.

ಈ ಎಣಿಕೆ ದಿನಕ್ಕೆ ಎರಡೇ ಸಲ, ಬೆಳಿಗ್ಗೆ ಎಂಟಕ್ಕೆ ಮತ್ತು ಸಂಜೆ ಆರಕ್ಕೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ತಪ್ಪು ಅಲ್ಲಿಂದಲೇ ಶುರುವಾಯಿತು.

ನಮ್ಮ ಮಧುಗಿರಿಗೆ ಆಗ ರೈಲು ಇರಲಿಲ್ಲ. ಮಧುಗಿರಿ, ಕೊರಟಗೆರೆ ಕಡೆಯ ಚಪ್ಪಡಿ ಕಲ್ಲು ಲಾರಿಯಲ್ಲಿ ದೂರದ ಒಂದು ಸಣ್ಣ ಸ್ಟೇಷನ್ನಿಗೆ ಹೋಗುತ್ತಿತ್ತು. ಅಲ್ಲಿ ಅದನ್ನು ವ್ಯಾಗನ್ನಿಗೆ ತುಂಬಿ ಪರ ಊರುಗಳಿಗೆ ಕಳಿಸುವ ಕಂಪನಿಯಲ್ಲಿ ಅಪ್ಪ ಮೇಸ್ತ್ರಿ. ಅಮ್ಮ ಬಾಣಂತನಕ್ಕೆ ಮಧುಗಿರಿಯಲ್ಲಿದ್ದಳು. ಹಾಗಾಗಿ ಅಕ್ಕ ಮತ್ತು ನಾನು ಆ ತಿಂಗಳು ಅಪ್ಪನ ಜೊತೆಗಿದ್ದೆವು.

ಕಲ್ಲು ತುಂಬುವ ಕಟ್ಟೆಯ ಬಳಿ ಹಳಿ ಸಮತಟ್ಟಾಗಿತ್ತು. ಅದನ್ನು ದಾಟಿದರೆ ಇಳಿಜಾರು. ಇಳಿಜಾರಿನ ತುದಿಯಲ್ಲಿ ರಸ್ತೆ ಹಾಯುವ ಗೇಟು. ತುಂಬಿದ ವ್ಯಾಗನ್ನನ್ನು ಹಮಾಲಿಗಳು ಗಾಲಿಗೆ ಹಾರೆ ಕೊಟ್ಟು ಮೀಟಿ ಮೀಟಿ, ಎಂಜಿನ್ನು ಬಂದು ಕೊಂಡೊಯ್ಯಲೆಂದು, ಇಳಿಜಾರಿನ ಅಂಚಿಗೆ ಸರಿಸುತ್ತಿದ್ದರು. ಸರಿಸಿದ ಮೇಲೆ ಕೈಬ್ರೇಕು ಅದುಮಿ, ಎರಡು ಹಳಿಯ ಮೇಲೂ ಗಾಲಿಗೆ ಒತ್ತಿ ಒಂದೊಂದು ಬೆಣೆ ಕೊಡಬೇಕು. ಜಾಲಿ ಮರದ, ಕಬ್ಬಿಣದ ಪಟ್ಟಿ ಬಡಿದ, ಇಳಿಜಾರಾಗಿ ಕೆತ್ತಿದ ತುಂಡು ಅದು.

ಹುಣಸೆ ಬೀಜ ಬಿಡಿಸಲು ಅಂಥ ಮರದ ತುಂಡು ಬೇರೆ ಇಲ್ಲ ಅನ್ನಿಸಿತ್ತು ನನಗೆ. ಎಂಟೂವರೆಗೆ ಒಂದು ಬೆಣೆ ಎತ್ತಿಕೊಂಡು ಶೆಡ್ಡಿನ ಹಿಂದಿನ ಬೇವಿನ ಮರದಡಿ ಕುಳಿತೆ. ಆರಕ್ಕೆ ಮುಂಚೆ ತಿರುಗಿ ನೇತುಹಾಕಿದರೆ ಯಾರಿಗೆ ಗೊತ್ತಾಗುತ್ತದೆ? ಟಕ್ ಟಕ್ ಎಂದು ಬಡಿದೆ. ಬೆರಳೆಲ್ಲ ಅಂಟು, ಬಾಯಲ್ಲಿ ಹುಳಿ.

ಎರಡು ಗಂಟೆಗೆ ಕಲ್ಲು ತುಂಬಿ ಮುಗಿಯಿತು. ಅಕ್ಕ ನೀರು ತರಲು ಹೋಗಿದ್ದಳು. ಹಾರೆಗಳ ಸದ್ದು ಕೇಳಿತು, ಗಾಲಿ ಕಿರ್ರೆಂದಿತು. ಚಾಚಾ ಬ್ರೇಕಿನ ಉದ್ದನೆಯ ಹಿಡಿಯ ಮೇಲೆ ಹತ್ತಿ ನಿಂತರು. ಆಗ ಅಪ್ಪನ ದನಿ: "ಬೆಣೆ ತಗಂಬಾ!"

ಒಬ್ಬ ಹಮಾಲಿ ಶೆಡ್ಡಿಗೆ ಓಡಿ ಬಂದ. "ಒಂದೇ ಐತೆ ಮೇಸ್ತ್ರಿ!"

"ಇನ್ನೊಂದು ಎಲ್ಲಿ? ಬೆಳಿಗ್ಗೆ ಎಣಿಸೀನಿ ಕಣಯ್ಯ!"

ನನ್ನ ಕೈ ಬೆಣೆಯ ಮೇಲೇ ಇತ್ತು. ಎದ್ದು ಓಡಬೇಕಿತ್ತು. ನಾನು ಪಕ್ಕದ ಗೋಣಿಚೀಲ ಎಳೆದು ಅದರ ಮೇಲೆ ಮುಚ್ಚಿದೆ. ಏಕೆ ಹಾಗೆ ಮಾಡಿದೆನೋ! ಬೈಗುಳದ ಭಯ ಅಷ್ಟಿತ್ತು.

ಇದ್ದ ಒಂದು ಬೆಣೆ ಕೊಟ್ಟರು. ಅತ್ತ ಕಡೆಯ ಹಳಿಗೆ ಒಂದು ಕಲ್ಲು ಕೊಟ್ಟರು. ಗಾಲಿ ಅದರ ಮೇಲೆ ಕೂತಿತು. ಪಟಾಕಿಯ ಹಾಗೆ ಸಿಡಿದು ಕಲ್ಲು ಪುಡಿಯಾಯಿತು. ವ್ಯಾಗನ್ನು ಒಂದು ಗೇಣು ಜರುಗಿತು. ಕೆಳಗೆ ಗೇಟಿನಲ್ಲಿ ಕಡ್ಲೆಕಾಯಿ ಮೂಟೆ ಹೇರಿದ ಒಂದು ಗಾಡಿ, ಸರಿಯಾಗಿ ಹಳಿಯ ನಡುವೆ. ಅದರ ಎತ್ತು ಬೆದರಿ ಹೆಜ್ಜೆ ಕೀಳಲಿಲ್ಲ. ಮೂಟೆಗಳ ಮೇಲೆ ಮಗುವನ್ನು ಅವುಚಿಕೊಂಡ ಒಬ್ಬ ಹೆಂಗಸು ಕೂತಿದ್ದಳು.

"ಹೊಡಿಯಯ್ಯ ಗಾಡಿ! ಹೊಡಿ!" ಅಪ್ಪ ಕೂಗುತ್ತಲೇ ಹಾರೆಯನ್ನು ಗಾಲಿಯಡಿ ತೂರಿಸಿ ಭುಜ ಕೊಟ್ಟರು. ಅಪ್ಪನ ಕತ್ತಿನ ನರ ಹುರಿಹಗ್ಗದಂತೆ ಉಬ್ಬಿತು.

ಗೋಣಿ ಕಿತ್ತೆಸೆದು ಬೆಣೆಯನ್ನು ಎದೆಗೆ ಅವುಚಿಕೊಂಡು ಓಡಿದೆ. ಜಲ್ಲಿ ಕಾಲಿಗೆ ಚುಚ್ಚಿತು. ಒಮ್ಮೆ ಮುಗ್ಗರಿಸಿದೆ, ಮೊಣಕಾಲು ತರಚಿತು. ಬೆಣೆ ಮಾತ್ರ ಬಿಡಲಿಲ್ಲ.

"ಜಲ್ದಿ ಬೇಟಿ! ಈ ವ್ಯಾಗನ್ನು ನಿಮ್ಮಪ್ಪನ ಮಾತೂ ಕೇಳ್ತಿಲ್ಲ!" ಎಂದು ಚಾಚಾ ಬ್ರೇಕಿನ ಮೇಲಿಂದ ಕೂಗಿದರು.

ಹಮಾಲಿಯೊಬ್ಬ ನನ್ನ ಕೈಯಿಂದ ಬೆಣೆ ಕಿತ್ತು ಹಳಿಯ ಮೇಲಿಟ್ಟು ಹಾರೆಯಿಂದ ಗುದ್ದಿದ. ಗಾಲಿ ಅದರ ಮೇಲೆ ಒರಗಿತು, ಮರ ನರಳಿತು. ವ್ಯಾಗನ್ನು ನಿಂತಿತು. ಆಮೇಲೆ ಕೆಳಗೆ ಗಾಡಿಯ ಗಾಲಿ ಹಳಿ ದಾಟಿದ ಸದ್ದು ಕೇಳಿತು.

ಚಾಚಾ ಇಳಿದರು. ಹಿಡಿಯ ಮೇಲೆ ನಿಂತು ಜಾರದಂತೆ ವ್ಯಾಗನ್ನಿನ ಅಂಚನ್ನು ಬಿಗಿಹಿಡಿದಿದ್ದ ಅಂಗೈಗಳ ಚರ್ಮ ಸುಲಿದು ರಕ್ತ ಬರುತ್ತಿತ್ತು. "ಹುಣಸೆ ಬಡಿಯೋಕೆ ನನ್ನ ತಲೆ ಇರ್ಲಿಲ್ವಾ ಬೇಟಿ? ಅದೂ ಗಟ್ಟಿನೇ ಐತೆ" ಎಂದು ನನ್ನ ಅಂಟು ಬೆರಳುಗಳನ್ನು ನೋಡಿ ನಕ್ಕರು. ನನಗೆ ನಗು ಬರಲಿಲ್ಲ. ಆ ಕೈಗಳನ್ನು ನೋಡಿ ಅಳು ಬಂತು.

"ಗೋಣಿ ಮುಚ್ಚಿದ್ದೆ ಅಪ್ಪ" ಎಂದೆ. ಯಾರೂ ಕೇಳಿರಲಿಲ್ಲ, ನಾನೇ ಹೇಳಿದೆ.

ಅಪ್ಪ ಹೊಡೆಯಲಿಲ್ಲ. "ನಂದೂ ತಪ್ಪೈತೆ. ಎಂಟಕ್ಕೆ ಇದ್ದದ್ದು ಎರಡಕ್ಕೂ ಇರ್ತದೆ ಅಂದ್ಕಂಡೆ. ಇನ್ಮೇಲೆ ವ್ಯಾಗನ್ನು ಸರಿಸೋ ಮುಂಚೆ ಇನ್ನೊಂದು ಸಲ ಎಣಿಸ್ಬೇಕು. ಇಲ್ಲಿರೋಗಂಟ ನೀನೇ ಎಣಿಸು" ಎಂದರು.

ಮಕ್ಕಳೇ, ನೀವು ಮೊನ್ನೆ ನಮ್ಮ ಸೀಮೆಗೆ ಬರುತ್ತಿರುವ ಹೊಸ ಹಳಿ ನೋಡಲು ಹೋಗಿ ಫೋನಿನಲ್ಲಿ ವಿಡಿಯೊ ಹಿಡಿದು ತಂದಿರಿ. ಹಾರೆ ಹಿಡಿದ ನಾಲ್ಕು ಜನರ ಕೆಲಸವನ್ನು ಅಲ್ಲಿ ಒಂದು ಯಂತ್ರ ಮಾಡುತ್ತಿತ್ತು. ನಿಮ್ಮ ಶಾಲೆಯ ಬಸ್ಸು ಬಂದರೂ, ನನ್ನ ಮಾತ್ರೆಯ ಹೊತ್ತಾದರೂ ಫೋನೇ ಕೂಗಿ ಹೇಳುತ್ತದೆ. ನಾನು ಮಲಗುವ ಮುಂಚೆ ಗ್ಯಾಸು, ಬಾಗಿಲು, ಬಚ್ಚಲ ನಲ್ಲಿ ಮುಟ್ಟಿ ಮುಟ್ಟಿ ನೋಡಿದರೆ "ಅಜ್ಜಿ, ಬೆಳಿಗ್ಗೆ ನೋಡಿದ್ರಲ್ಲ!" ಎಂದು ನಗುತ್ತೀರಿ. ನಗಿ. ನನಗೆ ಚಾಚಾನ ಅಂಗೈ ನೆನಪಾಗುತ್ತದೆ.

ಅಂದು ನಾಲ್ಕಕ್ಕೆ ಎಂಜಿನ್ನು ಬಂದು ವ್ಯಾಗನ್ನನ್ನು ಕೊಂಡೊಯ್ದಿತು. ನಾನು ಬೆಣೆಗೆ ಬೂದಿ ಹಾಕಿ, ತೆಂಗಿನ ನಾರಿನಿಂದ ಹುಳಿಯ ವಾಸನೆ ಹೋಗುವವರೆಗೆ ಉಜ್ಜಿದೆ. ಪಟ್ಟಿಯ ಸಂದಿಯಲ್ಲಿ ಸಿಕ್ಕಿದ್ದ ಒಂದು ಬೀಜವನ್ನು ಕಡ್ಡಿಯಿಂದ ಕಿತ್ತೆ. ಶೆಡ್ಡಿನೊಳಗೆ ಕತ್ತಲೆಂದು ಅಕ್ಕ ಲಾಟೀನು ಹಿಡಿದಳು. ಆರು ಗಂಟೆಗೆ ಬೆಣೆಯನ್ನು ಗೂಟಕ್ಕೆ ನೇತುಹಾಕಿ, ಎರಡನ್ನೂ ಬೆರಳಿನಿಂದ ಮುಟ್ಟಿ, "ಎರಡು" ಎಂದೆ. ಅಪ್ಪ ಶೆಡ್ಡಿಗೆ ಬೀಗ ಹಾಕಿದರು.