ಗಾಜಿನೊಳಗಿನ ಮರದ ಕುದುರೆಗೆ ಎಣ್ಣೆ

ಬಂಧುಗಳೇ, ಎರಡು ಗಳಿಗೆ ಕಿವಿಗೊಟ್ಟು ಕೇಳಿ. ನಾನು ಹೇಳಹೊರಟಿರುವುದು ನಮ್ಮ ಗ್ರಂಥಾಲಯದಲ್ಲಿ ಕಸ ಗುಡಿಸುವ ಒಬ್ಬ ತಾಯಿಯ ಸಂಗತಿ.

ಆಕೆಯ ಗಂಡ ಬಡಗಿ. ಬಾಗಿಲು ಕಿಟಕಿಗಳಿಗೆ ಬಳಸಿ ಮಿಕ್ಕ ಮರದಲ್ಲಿ ಒಂದು ಕುದುರೆಯನ್ನು ಕೆತ್ತಿದ್ದ. ಮೊಳದುದ್ದದ, ಕುತ್ತಿಗೆ ಬಾಗಿಸಿ ನೀರು ಕುಡಿಯುವ ಕುದುರೆ. ಪ್ರತಿ ಸೋಮವಾರ ಅಗಸೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅದರ ಮೈಯನ್ನು ಕುತ್ತಿಗೆಯಿಂದ ಗೊರಸಿನವರೆಗೆ ಉಜ್ಜುತ್ತಿದ್ದ. ಅವನು ತೀರಿಕೊಂಡ ಮೇಲೆ ಆಕೆ ಅದನ್ನು ಗ್ರಂಥಾಲಯಕ್ಕೆ ಕೊಟ್ಟಳು. ಗ್ರಂಥಪಾಲಕರು ಗೌರವದಿಂದ ಗಾಜಿನ ಪೆಟ್ಟಿಗೆ ಮಾಡಿಸಿ, ಒಳಗೊಂದು ಬಲ್ಬು ಹಾಕಿಸಿ, ಬೀಗ ಜಡಿದು, ‘ಮುಟ್ಟಬಾರದು’ ಎಂದು ಬರೆಸಿದರು.

ಗಂಡ ತೀರಿಕೊಂಡಾಗ ಆಕೆ ಅತ್ತವಳಲ್ಲ. ಅಳು ಬರಲಿಲ್ಲವೆಂದು ಒಮ್ಮೆ ನನಗೆ ಹೇಳಿದಳು, ಅಂಗಡಿಯಲ್ಲಿ ಉಪ್ಪು ಸಿಗಲಿಲ್ಲವೆನ್ನುವ ದನಿಯಲ್ಲಿ. ನಾನು ದೇವರ ಕರುಣೆಯ ಬಗ್ಗೆ ಮಾತನಾಡಿದೆ. ಆಕೆ ತಲೆಯಾಡಿಸಿ ಪೊರಕೆ ಎತ್ತಿಕೊಂಡಳು.

ಕೆಲವು ತಿಂಗಳು ಕಳೆದವು. ಒಂದು ಸೋಮವಾರ ಗಾಜು ಒರೆಸುವಾಗ ಆಕೆಗೆ ಕುದುರೆಯ ಕುತ್ತಿಗೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಗ್ರಂಥಪಾಲಕರ ಬಳಿಗೆ ಹೋದಳು.

“ಸಾರ್, ದೀಪದ ಬಿಸಿಗೆ ಮರ ಒಣಗ್ತಿದೆ. ಬೀಗದ ಕೈ ಕೊಡಿ, ಎಣ್ಣೆ ಹಚ್ತೀನಿ.”

“ಮುಟ್ಟಬಾರದು ಅಂತ ಬರೆಸಿದವನೇ ನಾನು. ಈಗ ನಾನೇ ಮುಟ್ಟಿಸಿದ್ರೆ ಹೇಗಮ್ಮಾ?”

ಮುಂದಿನ ಸೋಮವಾರವೂ ಅದೇ ಮಾತು, ಅದೇ ಉತ್ತರ. ಸೆರಗಿನ ಮರೆಯ ಎಣ್ಣೆ ಬಾಟಲಿಯನ್ನು ಕಂಡು ಬಾಗಿಲ ಕಾವಲುಗಾರ ಕೆಣಕಿದ: “ಏನಕ್ಕಾ, ಇವತ್ತೂ ಕುದುರೆಗೆ ಮೇವು ತಂದ್ಯಾ?”

“ತಂದಿದೀನಪ್ಪಾ. ಮಿಕ್ಕಿದ್ರೆ ನಿನಗೂ ಹಾಕ್ತೀನಿ,” ಎಂದಳು, ನಗದೆ.

ಆರನೆಯ ಸೋಮವಾರದ ಹೊತ್ತಿಗೆ ಬಿರುಕಿನಲ್ಲಿ ಉಗುರು ತೂರುವಂತಿತ್ತು. ಆಕೆ ಗ್ರಂಥಪಾಲಕರ ಮೇಜಿನ ಮುಂದೆ ನಿಂತಳು.

“ಇನ್ನು ಸ್ವಲ್ಪ ದಿನಕ್ಕೆ ಕುತ್ತಿಗೆ ಬೇರೆ, ಮೈ ಬೇರೆ ಆಗುತ್ತೆ ಸಾರ್. ಮತ್ತೆ ಕೂಡಿಸೋಕೆ ಅವರಿಲ್ಲ.”

ಗ್ರಂಥಪಾಲಕರು ಎದ್ದುಬಂದು ಪೆಟ್ಟಿಗೆಯ ಮುಂದೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಬಲ್ಬನ್ನು ತಾವೇ ಆರಿಸಿ, ಬೀಗದ ಕೈಯನ್ನು ಆಕೆಯ ಅಂಗೈಯಲ್ಲಿಟ್ಟರು.

ನಾನು ಅಲ್ಲಿಯೇ ಓದುತ್ತ ಕುಳಿತಿದ್ದೆ. ಆಕೆಯ ಬೆರಳುಗಳು ಕುತ್ತಿಗೆ, ಬೆನ್ನು, ಹೊಟ್ಟೆ, ಕೊನೆಗೆ ನಾಲ್ಕು ಗೊರಸುಗಳ ಮೇಲೆ ಗಂಡನ ಬೆರಳುಗಳು ಸಾಗುತ್ತಿದ್ದ ಕ್ರಮದಲ್ಲಿಯೇ ಸಾಗಿದವು. ಈಗಲಾದರೂ ಕಣ್ಣೀರು ಬಂದೀತೆಂದು ಕಾದೆ. ಬರಲಿಲ್ಲ.

“ಸಮಾಧಾನ ಆಯ್ತೇನಮ್ಮಾ?” ಎಂದು ಗ್ರಂಥಪಾಲಕರು ಕೇಳಿದರು.

“ಗೊತ್ತಿಲ್ಲ ಸಾರ್. ಮರ ಎಣ್ಣೆ ಕುಡೀತು.”

ಬಂಧುಗಳೇ, ಭಗವಂತ ಆಕೆಯಿಂದ ಕಣ್ಣೀರನ್ನು ಬೇಡಲಿಲ್ಲ, ಕೈಗಳನ್ನು ಬೇಡಿದ. ಅಗಲಿದವರ ವಸ್ತುವೊಂದನ್ನು ಗೌರವವೆಂದು ನೀವೂ ಬೀಗದೊಳಗೆ ಇಟ್ಟಿರಬಹುದು. ಮನಸ್ಸು ಕರಗಲೆಂದು ಕಾಯಬೇಡಿ. ಬರುವ ಸೋಮವಾರ ಬೀಗ ತೆಗೆದು, ಅದನ್ನು ನಿಮ್ಮ ಕೈಯಾರೆ ಒಮ್ಮೆ ಒರೆಸಿರಿ.