ನಾನು ಬದುಕಿಸಿದ ಡೈನೋಸಾರ್‌ಗಳು

ಮೊಸಾಯಿಕ್ ನೆಲದ ಮೇಲೆ ಯಾರೋ ಕಬ್ಬಿಣದ ಬೀರು ಎಳೆದಂಥ ಸದ್ದು. ಮಧ್ಯಾಹ್ನ ಎರಡೂವರೆಗೆ ಕೆಳಗಿನ ಮನೆಯಿಂದ ಬಂತು. ಸ್ವಲ್ಪ ಹೊತ್ತು ನಿಂತು ಮತ್ತೆ ಬಂತು. ಈ ಸಲ ಜತೆಗೆ ಒಬ್ಬ ಹೆಂಗಸು ಕಿರುಚಿದಳು. ಪುಟ್ಟೇನಹಳ್ಳಿಯ ಆ ಮನೆಯ ಮೊದಲ ಮಹಡಿಗೆ ನಾನು ಬಾಡಿಗೆಗೆ ಬಂದು ನಾಲ್ಕೇ ದಿನವಾಗಿತ್ತು. ಓನರಮ್ಮ ಬೀರು ಸರಿಸಲು ಹೋಗಿ ಅದರಡಿ ಸಿಕ್ಕಿಕೊಂಡರೇನೋ ಎಂದು ಬರಿಗಾಲಲ್ಲೇ ಇಳಿದು ಓಡಿದೆ. ಬಾಗಿಲು ತೆರೆದಿತ್ತು. ಓನರಮ್ಮ ದಿವಾನದ ಮೇಲೆ ಕಾಲು ಮಡಿಸಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಟಿ.ವಿ.ಯಲ್ಲಿ ಒಂದು ಡೈನೋಸಾರ್ ಜೀಪನ್ನು ಅಗಿಯುತ್ತಿತ್ತು.

“ಬನ್ನಿ ಟೀಚರಮ್ಮ, ಕೂತ್ಕೊಳ್ಳಿ. ಇವ್ನು ಏನಂತಾ ಇದಾನೆ ಸ್ವಲ್ಪ ಹೇಳಿ. ನಂಗೆ ಇಂಗ್ಲೀಷೂ ಬರಲ್ಲ, ಕಣ್ಣೂ ಕಾಣಲ್ಲ. ಏನೋ ದಪ್ಪಗಿರೋದು ಅಲ್ಲಾಡ್ತಾ ಇದೆ ಅಂತ ಮಾತ್ರ ಗೊತ್ತಾಗ್ತದೆ,” ಎಂದರು.

ನಾನು ಜಯನಗರದ ಒಂದು ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿನ ಸಿಸ್ಟರ್‌ಗಳು ಒಳ್ಳೆಯ ಪುಸ್ತಕ ಯಾವುದು, ಟ್ರ್ಯಾಶ್ ಯಾವುದು ಎಂಬುದನ್ನು ನಮ್ಮ ತಲೆಗೆ ಎಷ್ಟು ಚೆನ್ನಾಗಿ ತುಂಬಿದ್ದರೆಂದರೆ, ಆ ಡೈನೋಸಾರಿನ ರಬ್ಬರ್ ಹಲ್ಲು ನೋಡಿದ ಕ್ಷಣವೇ ನನ್ನ ಮೂಗು ತಾನಾಗಿ ಮೇಲಕ್ಕೆ ಹೋಯಿತು. ಹತ್ತು ನಿಮಿಷ ಪೊಲೈಟ್ ಆಗಿ ಕೂತು ಎದ್ದರಾಯಿತು ಅಂದುಕೊಂಡೆ. ಸಿನಿಮಾ ಮುಗಿಯುವವರೆಗೂ ಕೂತೆ. ಮರುದಿನವೂ ಹೋದೆ.

ಓನರಮ್ಮ ಪುಟ್ಟೇನಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದವರು. ನಮ್ಮ ಬೀದಿಯೂ ಹಿಂದಿನ ಎರಡು ಬೀದಿಗಳೂ ಅವರ ರಾಗಿ ಹೊಲವಾಗಿದ್ದವಂತೆ. ಎರಡೂ ಕಣ್ಣಿಗೆ ಕ್ಯಾಟರಾಕ್ಟ್ ಬಂದಿತ್ತು. ಶುಗರ್ ಇಳಿಯದೆ ಆಪರೇಷನ್ ಮಾಡುವುದಿಲ್ಲವೆಂದು ಡಾಕ್ಟರು ಮುಂದಕ್ಕೆ ಹಾಕುತ್ತಲೇ ಇದ್ದರು. ಮಗ, ಸೊಸೆ ಬನಶಂಕರಿಯಲ್ಲಿ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುತ್ತಿದ್ದರು. ಹಗಲೆಲ್ಲ ಈಕೆ ಮತ್ತು ಟಿ.ವಿ. ಸೀರಿಯಲ್ ಅವರಿಗೆ ಹಿಡಿಸುತ್ತಿರಲಿಲ್ಲ. “ಅತ್ತೆ ಸೊಸೆ ಜಗಳ ನೋಡೋಕೆ ಟಿ.ವಿ. ಯಾಕೆ?” ಎನ್ನುತ್ತಿದ್ದರು. ಒಂದು ಇಂಗ್ಲಿಷ್ ಚಾನೆಲ್ಲಿನಲ್ಲಿ ಮಧ್ಯಾಹ್ನ ಈ ಪ್ರಾಣಿ ಸಿನಿಮಾಗಳು ಬರುತ್ತಿದ್ದವು: ಐಸಿನಿಂದ ಎದ್ದು ಬಂದ ಶಾರ್ಕ್, ಲ್ಯಾಬಿನಿಂದ ತಪ್ಪಿಸಿಕೊಂಡ ಡೈನೋಸಾರ್, ಬಸ್ಸಿನಷ್ಟು ಉದ್ದದ ಮೊಸಳೆ. ಬಡ ಸಿನಿಮಾಗಳು, ಪಾಪ. ಮೊದಲ ಒಂದು ಗಂಟೆ ಬಾಲ ಮಾತ್ರ ತೋರಿಸುತ್ತಿದ್ದರು, ಅದೂ ಅದೇ ಬಾಲ. ಬನಿಯನ್ ಹಾಕಿದ ಒಬ್ಬಳು ಸೈಂಟಿಸ್ಟ್ ಕೆರೆಯಲ್ಲಿ ಏನೋ ಇದೆ ಅನ್ನುವಳು, ಊರಿನ ಮೇಯರ್ ಏನೂ ಇಲ್ಲ ಅನ್ನುವನು.

ನಾನು ಕಾಮೆಂಟರಿ ಕೊಡುತ್ತಿದ್ದೆ. ಓನರಮ್ಮ ಪ್ರಾಣಿಯ ಪರ ವಾದಿಸುತ್ತಿದ್ದರು.

“ಆ ಕೆರೆ ಯಾರ್ದು?”

“ಯಾರದೂ ಅಲ್ಲ ಅಕ್ಕ. ಅಲ್ಲೊಂದು ರೆಸಾರ್ಟ್ ಕಟ್ತಾ ಇದಾರೆ.”

“ಅದು ಎಷ್ಟ್ ವರ್ಷದಿಂದ ಇದೆ ಅಂದ್ರಿ?”

“ಏಳು ಕೋಟಿ ವರ್ಷ.”

“ಮತ್ತೆ? ಏಳು ಕೋಟಿ ವರ್ಷದಿಂದ ಇರೋದನ್ನ ಬಿಟ್ಟು, ನಿನ್ನೆ ಬಂದೋನ್ನ ಕೇಳ್ಬೇಕಾ? ಕಚ್ಚಲಿ ಬಿಡಿ.”

ಒಂದು ಮಧ್ಯಾಹ್ನ ಮೊಟ್ಟೆ ಕಾಯುವ ಒಂದು ದೊಡ್ಡ ಹಲ್ಲಿಯ ಸಿನಿಮಾ ಬಂತು. ಕೊನೆಯಲ್ಲಿ ಸೈನಿಕರು ಗೂಡಿನ ಮೇಲೆಯೇ ಬಾಂಬ್ ಹಾಕಿ ಅದನ್ನು ಸುಟ್ಟರು. ನಾನು ನೋಡಿದ್ದನ್ನು ನೋಡಿದ ಹಾಗೇ ಹೇಳಿದೆ. ಓನರಮ್ಮ ಟಿ.ವಿ. ಆರಿಸಿ, ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಬಂದರು. ಅವರ ಮನೆಯಲ್ಲಿ ಕೊಟ್ಟಿಗೆಯ ದನ ಸತ್ತರೆ ಅಂದು ಒಲೆ ಹಚ್ಚುತ್ತಿರಲಿಲ್ಲ, ಯಾರೂ ಉಣ್ಣುತ್ತಿರಲಿಲ್ಲ. ಬಾಣಂತಿ ದನವಾದರೆ ಕೇಳುವುದೇ ಬೇಡ. ಆ ರಬ್ಬರ್ ತಾಯಿಹಲ್ಲಿಗೂ ಓನರಮ್ಮ ಅದೇ ನಿಯಮ ಹಿಡಿದರು. ಶುಗರಿನ ಮಾತ್ರೆ ಮಾತ್ರ ಎಂದಿನಂತೆ ನುಂಗಿದರು, ಮುದ್ದೆ ಮುಟ್ಟಲಿಲ್ಲ. ಸಂಜೆ ಅವರ ಸೊಸೆ ಕೂಗಿದ್ದು ಕೇಳಿ ಇಳಿದು ಹೋದರೆ, ಓನರಮ್ಮ ಬೆವರಿನಲ್ಲಿ ತೊಯ್ದು ಗೋಡೆಗೆ ಒರಗಿದ್ದರು. ಬರಿ ಹೊಟ್ಟೆಗೆ ಮಾತ್ರೆ ಬಿದ್ದು ಶುಗರ್ ಪಾತಾಳಕ್ಕಿಳಿದಿತ್ತು. ಸಕ್ಕರೆ ನೀರು ಕಲಸಿ ಕುಡಿಸಿದೆ.

ಮಾರನೆಯ ದಿನದಿಂದ ನಾನು ಸುಳ್ಳು ಹೇಳತೊಡಗಿದೆ.

ನಮ್ಮ ಮಾರಲ್ ಸೈನ್ಸ್ ಕ್ಲಾಸಿನಲ್ಲಿ ವೈಟ್ ಲೈ ಎಂದು ಒಂದು ಬೇರೆಯೇ ಜಾತಿಯ ಸುಳ್ಳಿತ್ತು. ಯಾರನ್ನೋ ನೋವಿನಿಂದ ಉಳಿಸಲು ಹೇಳಿದರೆ ಅದು ಅಷ್ಟೇನೂ ಕೆಟ್ಟದ್ದಲ್ಲ. ಅದನ್ನು ನಂಬಿಕೊಂಡು ನಾನು ಒಂದೊಂದೇ ಪ್ರಾಣಿಯನ್ನು ಬದುಕಿಸಿದೆ. ಟಿ.ವಿ.ಯಲ್ಲಿ ಮೊಸಳೆಯ ತಲೆ ಸಿಡಿಯುತ್ತಿದ್ದರೆ ನಾನು, “ಹೆಲಿಕಾಪ್ಟರಿನಿಂದ ಬಲೆ ಬಿಟ್ಟರು ಅಕ್ಕ, ಎತ್ತಿಕೊಂಡು ಹೋಗ್ತಾ ಇದಾರೆ, ಯಾವುದೋ ದ್ವೀಪಕ್ಕೆ,” ಎನ್ನುತ್ತಿದ್ದೆ.

“ಮತ್ತೆ ಡಮ್ ಅಂದಿದ್ದು?”

“ಹೆದರಿಸೋಕೆ ಹಾಕಿದ್ದು.”

“ಓ, ಬನ್ನೇರುಘಟ್ಟದ ಕಡೆ ಆನೆಗೆ ಪಟಾಕಿ ಹಚ್ಚೋ ಹಂಗೆ.”

“ಹೌದು, ಹಾಗೇ.”

ಅಷ್ಟಕ್ಕೇ ನಿಲ್ಲಿಸಲಿಲ್ಲ. ದ್ವೀಪದಲ್ಲಿ ಅದಕ್ಕೊಂದು ಜೋಡಿ ಹುಡುಕಿಕೊಟ್ಟೆ. ಹಾವಿಗೆ ಗುಹೆ ಕೊಟ್ಟೆ. ಶಾರ್ಕನ್ನು ತಣ್ಣನೆಯ ಸಮುದ್ರಕ್ಕೆ ಕಳಿಸಿದೆ. ಓನರಮ್ಮ ತೃಪ್ತಿಯಿಂದ ಎದ್ದು ಊಟ ಮಾಡುತ್ತಿದ್ದರು. ಸುಮಾರು ಒಂದು ವರ್ಷ ಹೀಗೆ ನಡೆಯಿತು. ಸತ್ಯ ಹೇಳುವುದಾದರೆ ನನ್ನ ಇಡೀ ಸರ್ವಿಸಿನಲ್ಲಿ ಅಷ್ಟು ಗಮನವಿಟ್ಟು ಕೇಳಿದ ಸ್ಟೂಡೆಂಟ್ ನನಗೆ ಸಿಕ್ಕಿರಲಿಲ್ಲ.

ಹೊತ್ತು ಹೊತ್ತಿಗೆ ಊಟ ನಡೆಯಿತಲ್ಲ, ಶುಗರ್ ಹತೋಟಿಗೆ ಬಂತು. ಡಾಕ್ಟರು ಆಪರೇಷನ್ನಿಗೆ ಒಪ್ಪಿದರು. ಎಲ್ಲರೂ ಸಂತೋಷಪಟ್ಟರು, ನಾನೂ. ಆದರೆ ಕಣ್ಣು ಬಂದರೆ ಈಕೆ ನನ್ನನ್ನು ಏನೆಂದುಕೊಂಡಾರು? ಮೊದಲೇ ಹೇಳಿಬಿಡಬೇಕೆಂದು ಎರಡು ಸಲ ಇಳಿದು ಹೋದೆ. ಕಾಫಿ ಕುಡಿದು ವಾಪಸ್ ಬಂದೆ.

ಎರಡೂ ಕಣ್ಣಿನ ಆಪರೇಷನ್ ಮುಗಿದು, ಕಪ್ಪು ಕನ್ನಡಕ ತೆಗೆದ ಮೇಲೆ ಒಂದು ಮಧ್ಯಾಹ್ನ ಅದೇ ಮೊಸಳೆಯ ಸಿನಿಮಾ ಮತ್ತೆ ಬಂತು. ಓನರಮ್ಮ ಮೊದಲು ನಕ್ಕರು. “ಅಯ್ಯೋ, ಇದು ಮೊಸಳೆನಾ? ನಮ್ಮ ಸೊಸೆ ಹ್ಯಾಂಡ್‌ಬ್ಯಾಗ್ ಇದ್ದಂಗಿದೆ.” ನಾನೂ ನಕ್ಕೆ. ಕೊನೆಯ ಹತ್ತು ನಿಮಿಷ ಬರುವ ಹೊತ್ತಿಗೆ ಚಾನೆಲ್ ಬದಲಿಸೋಣ ಎಂದೆ. ಅವರು ರಿಮೋಟ್ ಕೊಡಲಿಲ್ಲ. ಮೊಸಳೆ ಸಿಡಿಯಿತು. ಬನಿಯನ್ನಿನ ಸೈಂಟಿಸ್ಟ್ ಒಬ್ಬ ಗಂಡಸನ್ನು ತಬ್ಬಿಕೊಂಡಳು. ಹೆಸರುಗಳು ಮೇಲೇರಿದವು.

“ಟೀಚರಮ್ಮ, ಬಲೆ ಎಲ್ಲಿ?”

ನಾನು ಮೇಲೇರುತ್ತಿದ್ದ ಹೆಸರುಗಳನ್ನೇ ಓದತೊಡಗಿದೆ.

“ಎಲ್ಲಾದಕ್ಕೂ ಹಿಂಗೇನಾ?”

“ನೀವು ಊಟ ಬಿಡ್ತೀರಿ ಅಂತ ಅಕ್ಕ. ಅವತ್ತು ನೀವು...”

“ನಾನು ಊಟ ಬಿಡೋದು ನನ್ನಿಷ್ಟ.” ದನಿ ಏರಲಿಲ್ಲ. “ನಮ್ಮೆಜಮಾನ್ರು ಹೋದ್ಮೇಲೆ ಒಬ್ಬ ನೆಂಟ ಒಂದು ಪತ್ರ ತಂದಿದ್ದ. ಓದಿದೋನು. ದಾರಿಗೆ ಜಾಗ ಬಿಡೋ ಪತ್ರ ಅಂತ ಓದಿ ಹೇಳ್ದ, ಹೆಬ್ಬೆಟ್ಟು ಒತ್ದೆ. ಬಿಳೇಕಹಳ್ಳಿ ಕಡೆ ಹದಿನೆಂಟು ಗುಂಟೆ ಹೋಯ್ತು. ಆಮೇಲೆ ಕೇಳಿದ್ರೆ ಅವನೂ ಇದೇ ಅಂದ, ನಿನ್ನ ಒಳ್ಳೇದಕ್ಕೇ ಮಾಡ್ದೆ ಕಣಕ್ಕ ಅಂತ. ಓದಿ ಹೇಳೋರು ಬೇರೆ ಏನೋ ಹೇಳಿದ್ರೆ ನಮ್ಮಂಥೋರು ಎಲ್ಲಿಗೋಗ್ಬೇಕು?”

ಎದ್ದು ಬಂದೆ. ನನ್ನ ವೈಟ್ ಲೈ ಆ ನೆಂಟನ ಪತ್ರದ ಪಕ್ಕದಲ್ಲಿ ಕೂರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಓದು ಬರುವವರಿಗೆ ಇದು ಹೊಳೆಯುವುದು ಕಷ್ಟವೇನೋ.

ಹನ್ನೊಂದು ದಿನ ಕೆಳಗಿನಿಂದ ಸೀರಿಯಲ್ಲಿನ ಅಳು ಮಾತ್ರ ಕೇಳಿಸಿತು. ಹನ್ನೆರಡನೆಯ ದಿನ ಓನರಮ್ಮ ಕಂಬಿ ಹಿಡಿದು ಮೆಟ್ಟಿಲು ಹತ್ತಿ ಬಂದು, ನನ್ನ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತರು. ಕುರ್ಚಿ ಕೊಟ್ಟೆ.

“ಹೇಳಿ, ಒಂದೊಂದೇ. ಆ ಮಂಜಿನಲ್ಲಿದ್ದ ಮೀನು?”

“ಸತ್ತೋಯ್ತು ಅಕ್ಕ. ಕರೆಂಟ್ ಕೊಟ್ಟರು.”

“ಗುಹೆ ಹಾವು?”

“ಅದೂನೂ. ಗುಹೆ ಇರಲೇ ಇಲ್ಲ.”

“ರೆಕ್ಕೆದು, ಎರಡಿತ್ತಲ್ಲ?”

“ಎರಡೂ.”

ನನಗೆ ನೆನಪಿದ್ದಕ್ಕಿಂತ ಹೆಚ್ಚು ಅವರಿಗೆ ನೆನಪಿತ್ತು. ಎಲ್ಲ ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. “ಇನ್ಮೇಲೆ ನಂಗೆ ಏನು ಓದಿ ಹೇಳಿದ್ರೂ ಇದ್ದದ್ದು ಇದ್ದಂಗೆ ಹೇಳ್ಬೇಕು. ಆಗಲ್ಲ ಅನ್ನೋ ಹಂಗಿದ್ರೆ ಈಗ್ಲೇ ಹೇಳ್ಬಿಡಿ.”

“ಆಗತ್ತೆ,” ಎಂದೆ.

ಮತ್ತೆ ಸಿನಿಮಾ ಶುರುವಾಯಿತು. ಪ್ರಾಣಿ ಸತ್ತ ದಿನ ಅವರು ಸ್ನಾನ ಮಾಡುತ್ತಿದ್ದರು. ಊಟಕ್ಕೆ ಮಾತ್ರ ಡಾಕ್ಟರ ಮಾತು ಕೇಳಿ ರಾಜಿಯಾಗಿದ್ದರು. ನಾನು ಮಾತುಗಳನ್ನಷ್ಟೇ ಕನ್ನಡ ಮಾಡುತ್ತಿದ್ದೆ. ಬೈಗುಳ ಬಂದಾಗ ನುಂಗಿಕೊಂಡರೆ, “ಅವ್ನು ಇನ್ನೂ ಏನೋ ಅಂದ್ನಲ್ಲ,” ಎಂದು ಹಿಡಿಯುತ್ತಿದ್ದರು. ಕಾನ್ವೆಂಟಿನ ಸಿಸ್ಟರ್‌ಗಳು ಕೇಳಿದ್ದರೆ ಮೂರ್ಛೆ ಹೋಗುವಂಥ ಮಾತುಗಳನ್ನು ನಾನು ಆ ದಿವಾನದ ಮೇಲೆ ಕೂತು ಅನುವಾದಿಸಿದ್ದೇನೆ.

ಎರಡು ಮಳೆಗಾಲ ಕಳೆದ ಮೇಲೆ ಅವರಿಗೆ ಹೊಟ್ಟೆನೋವು ಶುರುವಾಯಿತು. ಬನ್ನೇರುಘಟ್ಟ ರಸ್ತೆಯ ಒಂದು ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದ ದಿನ ಅವರ ಮಗ ಕಾರಿಡಾರಿನಲ್ಲೇ ನನ್ನನ್ನು ತಡೆದ. ಕಣ್ಣು ಕೆಂಪಗಿದ್ದವು.

“ಆಂಟಿ, ಅಮ್ಮಂಗೆ ಅಲ್ಸರ್ ಅಂತ ಹೇಳಿದೀನಿ. ನೀವೂ ಅಷ್ಟೇ ಹೇಳಿ, ಪ್ಲೀಸ್. ನೀವು ಹೇಳಿದ್ರೆ ನಂಬ್ತಾರೆ.”

ಅವನ ಭುಜ ತಟ್ಟಿದೆ. ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಅವನು ಔಷಧಿ ತರಲು ಕೆಳಗೆ ಹೋದ.

ಓನರಮ್ಮ ಎದ್ದು ಕೂತಿದ್ದರು. ಹದಿನೈದು ದಿನದಲ್ಲಿ ಅರ್ಧವಾಗಿದ್ದರು. ಪಕ್ಕದ ಲಾಕರಿನ ಮೇಲೆ, ಅಮ್ಮನಿಗೆ ಓದಲು ಬಾರದಲ್ಲ ಎಂಬ ಧೈರ್ಯದಲ್ಲಿ ಮಗ ಇಟ್ಟು ಹೋದ ದೊಡ್ಡ ಕವರಿತ್ತು. ಅದನ್ನು ನನ್ನ ಕೈಗೆ ಕೊಟ್ಟರು.

“ಓದಿ.”

“ಅಕ್ಕ...”

“ನೀವು ಒಪ್ಪಿದ್ದೀರಿ.”

ಕನ್ನಡಕ ಹಾಕಿಕೊಂಡೆ. ಒಂದೊಂದು ಸಾಲನ್ನೂ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಓದಿದೆ. ಎಲ್ಲಿ ಶುರುವಾಗಿದೆ, ಎಲ್ಲೆಲ್ಲಿಗೆ ಹರಡಿದೆ ಎಂಬುದನ್ನು ಹೇಳುವಾಗ ನನ್ನ ದನಿ ಕ್ಲಾಸಿನಲ್ಲಿ ಪಾಠ ಓದುವ ದನಿಯಾಗಿತ್ತು, ಹಾಗಲ್ಲದಿದ್ದರೆ ಓದಲಾಗುತ್ತಿರಲಿಲ್ಲ.

“ಆಪರೇಷನ್ನು?”

“ಮಾಡೋ ಸ್ಟೇಜ್ ದಾಟಿದೆ ಅಂತ ಬರೆದಿದಾರೆ.”

“ಪೂರ್ತಿ ಓದಿದ್ರಾ?”

“ಕೊನೇ ಲೈನ್ ತನಕ.”

ತಲೆಯಾಡಿಸಿದರು. ಹೊದಿಕೆಯ ಅಂಚನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದರು. ಆಮೇಲೆ, “ನೀವು ಓದಿದ್ರಿ ಅಂತ ಮಗಂಗೆ ಹೇಳ್ಬೇಡಿ. ಅಲ್ಸರ್ ಅಂತ ಹೇಳಿ ಅವ್ನಿಗೊಂದಿಷ್ಟು ಸಮಾಧಾನ ಆಗಿದೆ, ಇರ್ಲಿ,” ಎಂದರು.

“ಅದು ಸುಳ್ಳಲ್ವಾ ಅಕ್ಕ?”

“ಸುಳ್ಳೇ. ಆ ಸುಳ್ಳು ನಾನು ಹೇಳ್ಕೋತೀನಿ, ನೀವೇನೂ ಹೇಳ್ಬೇಕಾಗಿಲ್ಲ.”

ನರ್ಸ್ ಬಂದು ಟೈಮಾಯಿತು ಎಂದಳು. ಓನರಮ್ಮ ನನ್ನ ಕೈ ಹಿಡಿದು ಬಿಟ್ಟು, “ಮುಂದಿನ ಗೇಟಲ್ಲಿ ಆಟೋ ಸಿಗಲ್ಲ. ಹಿಂದಿಂದ ಹೋಗಿ,” ಎಂದರು. ಬಾಗಿಲ ಬಳಿ ತಿರುಗಿ ನೋಡಿದೆ. ಅವರು ಕವರಿನಿಂದ ಸ್ಕ್ಯಾನಿನ ಕಪ್ಪು ಹಾಳೆಯನ್ನು ತೆಗೆದು, ಎರಡೂ ಕೈಯಲ್ಲಿ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಅದರೊಳಗೆ ಏನಿದೆಯೆಂದು ತಮ್ಮ ಕಣ್ಣಿನಿಂದಲೇ ಹುಡುಕುತ್ತಿದ್ದರು. ಅವರನ್ನು ನಾನು ಕೊನೆಯದಾಗಿ ನೋಡಿದ್ದು ಹಾಗೆ.